ಅಪ್ಪನ ಮಾತಿಗೆ ಅವನ ದನಿ

"ಇವತ್ತು ಬಾ, ನಾಳೆ ಬಾ ಅಂತ ಸತಾಯಿಸೋ ಹಾಗಿದ್ರೆ ಈಗ್ಲೇ ಹೇಳ್ಬಿಡಿ. ಗುರುವಾರದೊಳಗೆ ಈ ಫೋನ್ ಸರಿಯಾಗುತ್ತಾ, ಇಲ್ವಾ?"

ಅವಳು ಫೋನನ್ನು ಮೇಜಿನ ಮೇಲಿಟ್ಟ ರಭಸಕ್ಕೆ ಡಬ್ಬಿ ಉರುಳಿ, ಸಣ್ಣ ಸ್ಕ್ರೂಗಳೆಲ್ಲ ನೆಲದ ಪಾಲಾದವು.

ರಿಪೇರಿ ಮಾಡುತ್ತಿದ್ದವನು ಸ್ಕ್ರೂಗಳ ಕಡೆ ನೋಡಲಿಲ್ಲ. ಫೋನಿನ ಕಡೆಯೂ ನೋಡಲಿಲ್ಲ. ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ.

ಈ ದನಿ... ಇದನ್ನು ನಾನು ದಿನಾ ಕೇಳ್ತೀನಲ್ಲ!

ಹೌದು, ಅವನಷ್ಟೇ ಅಲ್ಲ, ಊರೇ ಕೇಳುತ್ತಿತ್ತು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಹೇಳುವ ದನಿ ಅವಳದೇ. ಆದರೆ ಆ ದನಿಗೆ ಇಷ್ಟು ಸಿಟ್ಟು ಬರುತ್ತದೆಂದು ಯಾವ ಪ್ರಯಾಣಿಕನಿಗೂ ಗೊತ್ತಿರಲಿಲ್ಲ.

"ತುಕ್ಕಣ್ಣ ಅಂದ್ರೆ ನೀವೇ ತಾನೆ?"

"ಹಾಗಂತ ಕರೀತಾರೆ ಮೇಡಮ್." ತುಕ್ಕು ಹಿಡಿದ ಹಳೆಯ ಫೋನುಗಳಿಗೂ ಮರುಜೀವ ಕೊಡುವವನೆಂದು ಬೀದಿಯವರು ಇಟ್ಟ ಹೆಸರು ಅದು. "ಫೋನ್‌ಗೆ ಏನಾಗಿದೆ?"

"ಫೋನ್‌ಗೆ ಏನೂ ಆಗಿಲ್ಲ. ಅದೇ ಕಷ್ಟ!"

ಫೋನ್ ಅವಳ ಅಪ್ಪನದು. ಬಸ್ ಚಾಲಕರಾಗಿ ನಿವೃತ್ತರಾದ ಅಪ್ಪನಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋಗಿದ್ದವು. ಎಲ್ಲವೂ ಅರ್ಥವಾಗುತ್ತಿತ್ತು, ಅಕ್ಷರ ಮಾತ್ರ ಜೋಡಣೆಯಾಗುತ್ತಿರಲಿಲ್ಲ. ಹಾಗಾಗಿ ಚಿತ್ರ ಒತ್ತಿದರೆ ಮಾತು ಹೊರಡುವ ಆಪ್ ಒಂದನ್ನು ಅವಳು ಈ ಫೋನಿಗೆ ಹಾಕಿ, ನಾನೂರಕ್ಕೂ ಹೆಚ್ಚು ಮಾತುಗಳನ್ನು ತನ್ನದೇ ದನಿಯಲ್ಲಿ ತುಂಬಿಸಿದ್ದಳು. ಅಪ್ಪ ನೀರು ಕೇಳಿದರೂ ಬಸ್ ಬಂತೆಂದು ಸಾರಿದ ಹಾಗಿರುತ್ತಿತ್ತು. ಆದರೂ ಅಪ್ಪನಿಗೆ ಇದ್ದ ಬಾಯಿ ಅದೊಂದೇ.

ಈಗ ಆ ಆಪ್ ಗುರುವಾರದಿಂದ ಹಳೆಯ ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲವಂತೆ. ಫೋನ್ ತಯಾರಿಸಿದ ಕಂಪನಿಯೋ ಇದರ ಕೈ ಬಿಟ್ಟು ಐದು ವರ್ಷವಾಗಿತ್ತು.

"ಹೊಸ ಫೋನ್..."

"ಎರಡು ತಂದ್ಕೊಟ್ಟೆ. ಎರಡನ್ನೂ ಎಸೆದ್ರು! ಅಪ್ಪನ ಎಡಗೈಗೆ ಈ ಸಣ್ಣ ಫೋನೇ ಬೇಕು, ಕೆಳಗಿರೋ ಈ ಗುಂಡಿನೇ ಬೇಕು. ಹೆಬ್ಬೆರಳಿಟ್ಟು ತಡವಿ ಕಂಡುಹಿಡೀತಾರೆ. ಈಗಿನ ಫೋನ್‌ಗಳಲ್ಲಿ ತಡವೋಕೆ ಏನಿದೆ ಹೇಳಿ?"

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಅಳಬಾರದು... ಗುರುತಿಲ್ಲದವನ ಮುಂದೆ ಅಳಬಾರದು!

"ಶುಕ್ರವಾರ ಹನ್ನೊಂದು ಗಂಟೆಗೆ ಹಿರಿಯರ ಆರೈಕೆ ಇಲಾಖೆಯ ಅಧಿಕಾರಿ ಮನೆಗೆ ಬರ್ತಾರೆ. ಅಪ್ಪನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ಬೇಕು ಅಂತ ಅಣ್ಣ ಅರ್ಜಿ ಹಾಕಿದ್ದಾನೆ. ಅಪ್ಪಂಗೆ ಏನು ಬೇಕೋ ಅದನ್ನ ಅಪ್ಪನೇ ಹೇಳ್ಬೇಕು. ಹೇಳೋಕಾಗ್ಲಿಲ್ಲ ಅಂದ್ರೆ, ಅಣ್ಣ ಹೇಳಿದ್ದೇ ಲೆಕ್ಕ."

ಅವನು ಫೋನನ್ನು ಕೈಗೆತ್ತಿಕೊಂಡ.

"ದಾರಿ ಇದೆ ಮೇಡಮ್. ಕಂಪನಿ ಬಿಟ್ಟ ಫೋನ್‌ಗಳಿಗೆ ಹೊಸ ಆಂಡ್ರಾಯ್ಡ್ ಕೂರಿಸೋ ಹುಚ್ಚರು ಜಗತ್ತಿನ ತುಂಬಾ ಇದ್ದಾರೆ. ಅದಕ್ಕೆ ಕಸ್ಟಮ್ ಸಾಫ್ಟ್‌ವೇರ್ ಅಂತಾರೆ. ಈ ಮಾಡೆಲ್‌ಗೆ ಹೊಂದೋದನ್ನ ಹುಡುಕ್ಬೇಕು, ಅಷ್ಟೇ. ಬ್ಯಾಕಪ್, ಅಂದ್ರೆ ಒಳಗಿರೋದರ ನಕಲು ತೆಗೆದಿಟ್ಟು, ಫೋನ್ ತಗೊಂಡು ನಾಳೆ ಬನ್ನಿ."

"ನಾಳೆ ಬಾ ಅಂತ ಹೇಳ್ಬೇಡಿ ಅಂದಿದ್ದೆ."

"ಇದೊಂದೇ ಸಲ," ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮರುದಿನ, ಬುಧವಾರ ಮಧ್ಯಾಹ್ನದ ಹೊತ್ತಿಗೆ ಅವನಿಗೆ ಅಂಥ ಮೂರು ಸಾಫ್ಟ್‌ವೇರ್ ಸಿಕ್ಕಿದ್ದವು. ಬಳಸಿದವರು ಬರೆದ ನೂರಾರು ಟಿಪ್ಪಣಿಗಳನ್ನು ಬಿಡದೆ ಓದಿದ್ದ. ಮೊದಲನೆಯದನ್ನು ಹಾಕಿದರೆ ಸ್ಪೀಕರ್ ಮೂಕವಂತೆ. ಎರಡನೆಯದರಲ್ಲಿ ಮೈಕ್ ಕಿವುಡಂತೆ. ಮೂರನೆಯದನ್ನು ಎಲ್ಲೋ ಒಬ್ಬ ಪುಣ್ಯಾತ್ಮ ಹೋದ ತಿಂಗಳವರೆಗೂ ತಿದ್ದುತ್ತಲೇ ಇದ್ದ.

"ಇದೇ ಆಗ್ಬಹುದು. ಮೊದಲು ಕಂಪನಿ ಹಾಕಿರೋ ಬೀಗ ತೆಗೀಬೇಕು. ತೆಗೆದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಬ್ಯಾಕಪ್ ತಗೊಂಡ್ರಾ?"

"ಬೆಳಿಗ್ಗೆನೇ ತಗೊಂಡೆ."

ಅವನು ಕೆಲಸಕ್ಕೆ ಕೈ ಹಾಕಿದ. ಅವಳು ಎದುರಿನ ಸ್ಟೂಲಿನ ತುದಿಯಲ್ಲಿ ಕೂತಳು. ಪರದೆ ಕಪ್ಪಾಯಿತು. ಐದು ನಿಮಿಷ... ಹತ್ತು ನಿಮಿಷ... ಪರದೆಯ ನಡುವೆ ಬಿಳಿ ಉಂಗುರವೊಂದು ಸುತ್ತತೊಡಗಿತು. ಆಮೇಲೆ ಫೋನ್ ಕಣ್ಣು ಬಿಟ್ಟಿತು!

ಆಪ್ ಹಾಕಿದ. ತೆರೆಯಿತು! ಗುಂಡಿ ಒತ್ತಿದ. ಕೆಲಸ ಮಾಡಿತು!

ತನಗೇ ತಿಳಿಯದೆ ಅವಳು ಅವನ ಮುಂಗೈ ಹಿಡಿದಿದ್ದಳು. ತಿಳಿದ ಕೂಡಲೇ ಬಿಟ್ಟಳು. ಅವನ ಕಿವಿ ಕೆಂಪಾಯಿತು.

"ಈಗ ಆ ಬ್ಯಾಕಪ್ ಕೊಡಿ ಮೇಡಮ್. ಮಾತುಗಳನ್ನ ವಾಪಸ್ ಹಾಕೋಣ."

"ಅದರಲ್ಲೇ ಇದೆಯಲ್ಲ."

"ಯಾವುದರಲ್ಲಿ?"

"ಫೋನಲ್ಲಿ. ಬ್ಯಾಕಪ್ ಅಂತ ಒತ್ತಿದೆ... ಫೋನಲ್ಲಿ ಸೇವ್ ಆಯ್ತು ಅಂತ ಬಂತು..."

ಅವನ ಮುಖದಿಂದ ರಕ್ತವೇ ಇಳಿದುಹೋಯಿತು. ಅವಳಿಗೆ ಅರ್ಥವಾಗಲು ಅದೇ ಸಾಕಾಯಿತು.

ನಾನೂರು ಮಾತು. ಮೂರು ವರ್ಷ. ಒಂದೂ ಇಲ್ಲ!

"ನೀವು ಕೇಳ್ಬೇಕಿತ್ತು!" ಅವಳು ಎದ್ದು ನಿಂತಳು. "ಎಲ್ಲಿಟ್ಟಿದ್ದೀರಿ ಅಂತ ಒಂದೇ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ನಿಮಗೆ? ನಂಗೆ ಗೊತ್ತಾಗಲ್ಲ, ಸರಿ. ನಿಮಗೆ ಗೊತ್ತಿತ್ತಲ್ಲ!"

"ಹೌದು. ಕೇಳ್ಬೇಕಿತ್ತು. ತಪ್ಪು ನಂದೇ."

ಜಗಳವಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವನು ತಪ್ಪೊಪ್ಪಿಕೊಂಡಿದ್ದು ಇನ್ನೂ ಉರಿ ಎಬ್ಬಿಸಿತು.

"ನಮ್ಮಪ್ಪನ ಬಾಯಿ ಕಿತ್ಕೊಂಡ್ರಿ. ಇನ್ನು ನಿಮ್ಮ ಮುಖ ತೋರಿಸ್ಬೇಡಿ!"

ಫೋನ್ ಕಸಿದುಕೊಂಡು ಹೊರಟೇಹೋದಳು. ಸಂಜೆಯೆಲ್ಲ ಕೂತು ರೆಕಾರ್ಡ್ ಮಾಡಿದರೂ ಮೂವತ್ತು ಮಾತು ಮುಗಿಯಲಿಲ್ಲ. ಪ್ರತಿ ಮಾತೂ ಅಳುವಿನಂತೆಯೇ ಕೇಳಿಸುತ್ತಿತ್ತು. ಎಲ್ಲವನ್ನೂ ಅಳಿಸಿಹಾಕಿದಳು.

ಗುರುವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ, ರಿಪೇರಿ ಚೀಟಿಯಲ್ಲಿ ಬರೆಸಿಕೊಂಡಿದ್ದ ವಿಳಾಸ ಹಿಡಿದು ಬಾಗಿಲಲ್ಲಿ ಅವನು ನಿಂತಿದ್ದ.

"ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇವತ್ತೊಂದಿನ ಬೈಗುಳ ಬಾಕಿ ಇಟ್ಕೊಳ್ಳಿ. ನಿಮ್ಮ ತಂದೆ ಹತ್ರ ಕೂತು ಮಾತುಗಳನ್ನ ಮತ್ತೆ ಕಟ್ತೀನಿ."

ಅವಳು ಬಾಗಿಲು ಹಾಕಿಯೇಬಿಡುತ್ತಿದ್ದಳು. ಒಳಗಿನಿಂದ ಟಪ್, ಟಪ್ ಎಂದು ಸದ್ದಾಯಿತು. ಅಪ್ಪ ಎಡಗೈಯಿಂದ ಕುರ್ಚಿಯ ಕೈ ಬಡಿಯುತ್ತಿದ್ದರು. ಆಮೇಲೆ ಅದೇ ಕೈ ಬೀಸಿ, ಬಾ ಎಂದು ಅವನನ್ನು ಕರೆದರು.

ರಜೆ ಕೇಳುವ ಹಾಗಿರಲಿಲ್ಲ; ಅವಳದು ದಿನಕ್ಕೆ ನಾಲ್ಕೇ ಗಂಟೆಗಳ ಪಾಳಿಯಾದರೂ ಬದಲಿ ಯಾರೂ ಇರಲಿಲ್ಲ. ಪೂರ್ತಿ ದಿನದ ಹುದ್ದೆ ತಾನಾಗಿ ಬಂದರೂ, ಒಂದೆರಡು ಮದುವೆ ಸಂಬಂಧ ಬಂದರೂ ಅಪ್ಪನಿಗೋಸ್ಕರ ಬೇಡವೆಂದವಳು ಅವಳು. ದಿನವೂ ಅಷ್ಟು ಹೊತ್ತು ಅಪ್ಪನ ಬಳಿ ಕೂರುತ್ತಿದ್ದ ಪಕ್ಕದ ಮನೆ ಅತ್ತೆಗೆ "ಇವರ ಮೇಲೆ ಒಂದು ಕಣ್ಣಿಟ್ಟಿರಿ" ಎಂದು ಅವನಿಗೆ ಕೇಳುವಂತೆಯೇ ಹೇಳಿ ಹೋದಳು.

ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಮನೆಯೊಳಗಿನಿಂದ ಗಂಡು ದನಿ ಕೇಳಿಸಿತು. "ಬೇಡ. ಸಾಕು. ಸುಮ್ನಿರು!"

ಅಪ್ಪನ ಮೇಲೆ ರೇಗ್ತಿದ್ದಾನಾ?

ನುಗ್ಗಿ ನೋಡಿದರೆ ಫೋನ್ ಅಪ್ಪನ ಕೈಯಲ್ಲಿತ್ತು. ಅಪ್ಪ ಮತ್ತೊಮ್ಮೆ ಒತ್ತಿದರು. "ಸುಮ್ನಿರು!" ಎಂದಿತು ಫೋನ್, ತುಕ್ಕಣ್ಣನ ದನಿಯಲ್ಲಿ. ಅಪ್ಪ ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ನಮ್ಮಪ್ಪನ ಮಾತಿಗೆ ನಿಮ್ಮ ದನಿನಾ? ಯಾರನ್ನ ಕೇಳಿ ಹಾಕಿದ್ರಿ?"

"ಅವರನ್ನೇ," ಎಂದ ಅವನು. "ಮಗಳು ಬಂದ್ಮೇಲೆ ಅವರ ದನಿ ಹಾಕೋಣ್ವಾ, ಫೋನ್‌ನ ದನಿನೇ ಸಾಕಾ, ನಂದು ಬೇಕಾ ಅಂತ ಮೂರು ಸಲ ಕೇಳ್ದೆ. ಮೂರು ಸಲನೂ ನನ್ನ ಕಡೆನೇ ಬೆರಳು ತೋರಿಸಿದ್ರು."

ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಹೌದೆಂದು ತಲೆಯಾಡಿಸಿದರು.

ಮೂರು ವರ್ಷದಿಂದ ನನ್ನ ದನಿ... ಇಷ್ಟ ಇರ್ಲಿಲ್ವಾ ಅಪ್ಪ?

ಪರದೆಯ ಚಿತ್ರಗಳನ್ನು ನೋಡುತ್ತ ಹೋದಳು. ನೀರು, ಊಟ, ನೋವು ಎಲ್ಲವೂ ಇದ್ದವು. ಜೊತೆಗೆ ಅವಳು ಎಂದೂ ಹಾಕದವೂ ಇದ್ದವು. ಆಮೇಲೆ. ನಂಗೊಬ್ಬನಿಗೇ ಇರೋಕೆ ಬಿಡು. ಚಾನೆಲ್ ಬದಲಿಸು, ತಲೆನೋವು. ಅಪ್ಪನಿಗೆ ಏನೇನು ಬೇಕಾಗಬಹುದೆಂದು ಅವಳು ನಾನೂರು ಸಲ ಯೋಚಿಸಿದ್ದಳು. ಏನು ಬೇಡವೆಂದು ಒಮ್ಮೆಯೂ ಕೇಳಿರಲಿಲ್ಲ.

"ನೀವು ಹೇಗೆ..."

"ನಂಗೇನೂ ಗೊತ್ತಿರ್ಲಿಲ್ವಲ್ಲ. ಅದಕ್ಕೇ ಒಂದೊಂದನ್ನೂ ಕೇಳ್ಬೇಕಾಯ್ತು."

ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಅವನಿಗೊಂದು ಲೋಟ ನೀರು ತಂದುಕೊಟ್ಟಳು.

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಕನ್ನಡಕ ಹಾಕಿದ, ಹೆಚ್ಚು ಮಾತಿಲ್ಲದ ಹೆಂಗಸು. ಅವರ ಹಿಂದೆಯೇ ಅಣ್ಣ. ಫೋನ್ ಕೈಕೊಟ್ಟರೆ ಇರಲೆಂದು ತುಕ್ಕಣ್ಣನೂ ಗೋಡೆಗೆ ಆತುಕೊಂಡು ನಿಂತಿದ್ದ.

ಅಪ್ಪ ಒತ್ತಿದರು. "ನಮಸ್ಕಾರ. ಕೂತ್ಕೊಳ್ಳಿ."

ಅಣ್ಣ ಬೆಚ್ಚಿದ. "ಇದ್ಯಾರ ದನಿ? ಮೇಡಮ್, ಇಷ್ಟು ದಿನ ತಂಗಿ ದನಿಯಲ್ಲಿ ತಂಗಿ ತುಂಬಿಸಿದ್ದನ್ನೇ ಹೇಳ್ತಿದ್ರು. ಇವತ್ತು ನೋಡಿದ್ರೆ ಯಾರೋ ಗಂಡಸಿನ ದನಿ! ಇದರಲ್ಲಿ ಅಪ್ಪನ ಮಾತು ಎಲ್ಲಿದೆ?"

"ಅಣ್ಣ!"

"ನಿನ್ನ ಮೇಲೆ ದ್ವೇಷ ಇಲ್ಲ ಪುಟ್ಟಿ. ಈ ಮನೆಯೊಳಗೆ ನಿನ್ನ ವಯಸ್ಸೇ ಕರಗಿಹೋಗ್ತಿದೆ. ನಂಗೆ ಅದನ್ನ ನೋಡೋಕಾಗ್ತಿಲ್ಲ, ಅಷ್ಟೇ!"

ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡರು. "ಮೂವರೂ ಆಚೆ ಹೋಗಿ. ಯಜಮಾನರ ಜೊತೆ ನಾನೊಬ್ಬಳೇ ಮಾತಾಡ್ತೀನಿ. ಒಂದೇ ಪ್ರಶ್ನೆನ ನಾಲ್ಕು ಥರ ಕೇಳ್ತೀನಿ. ಉತ್ತರ ಅವರದ್ದೇ ಆದ್ರೆ ಬದಲಾಗಲ್ಲ."

ಬಾಗಿಲು ಮುಚ್ಚಿತು.

ಮೆಟ್ಟಿಲ ಬಳಿಯ ಇಕ್ಕಟ್ಟಾದ ಜಾಗದಲ್ಲಿ ಮೂವರೂ ನಿಂತರು. ಅಧಿಕಾರಿಯ ಪ್ರಶ್ನೆಗಳು ಮೆಲ್ಲಗಿದ್ದು ಹೊರಗೆ ಕೇಳುತ್ತಿರಲಿಲ್ಲ. ಅಪ್ಪನ ಉತ್ತರ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು, ಅವಳ ಪಕ್ಕದಲ್ಲೇ ತುಟಿ ಬಿಗಿದು ನಿಂತವನ ದನಿಯಲ್ಲಿ.

"ಇಲ್ಲೇ ಇರ್ತೀನಿ."

ಮೌನ. ಅವಳು ಮೆಟ್ಟಿಲ ಕಟಕಟೆ ಹಿಡಿದುಕೊಂಡಳು.

"ಬೇಡ. ಇಲ್ಲೇ ಇರ್ತೀನಿ."

ಮತ್ತೆ ಮೌನ... ಇನ್ನೂ ಉದ್ದದ ಮೌನ. ಗುಂಡಿ ಸಿಗ್ತಿಲ್ವಾ? ಫೋನ್ ಕೈಕೊಡ್ತಾ? ಅವಳು ಅವನ ಕಡೆ ನೋಡಿದಳು. ಅವನ ಹಣೆಯ ಮೇಲೆ ಬೆವರಿತ್ತು.

"ಮಗ ಒಳ್ಳೆಯವನು. ಆಗಾಗ ಬರ್ತಿರ್ಲಿ."

ಅಣ್ಣ ಗೋಡೆಯ ಕಡೆ ತಿರುಗಿಕೊಂಡ.

"ಮಗಳನ್ನ ನಂಗೆ ಕಟ್ಟಿಹಾಕ್ಬೇಡಿ. ಹಗಲು ಹೊತ್ತು ನೋಡ್ಕೊಳ್ಳೋಕೆ ಬೇರೆ ಯಾರಾದ್ರೂ ಬರ್ಲಿ. ಅವಳು ಕೆಲಸಕ್ಕೆ ಹೋಗ್ಲಿ. ನಗ್ಲಿ."

ಅವಳು ಮೆಟ್ಟಿಲ ಮೇಲೆ ಕೂತಳು. ಮೂರು ವರ್ಷದಿಂದ ಅಪ್ಪ ಇದನ್ನು ಒಳಗೇ ಇಟ್ಟುಕೊಂಡಿದ್ದರು. ಮಗಳ ಬಗ್ಗೆ ಹೇಳುವ ಮಾತನ್ನು ಮಗಳ ದನಿಯಲ್ಲೇ ಹೇಳುವುದು ಹೇಗೆ?

"ನಿನ್ನೆ ಬೆಳಿಗ್ಗೆ ಮೊದಲು ಮಾಡಿಸ್ಕೊಂಡಿದ್ದೇ ಈ ಮಾತನ್ನ," ಎಂದ ತುಕ್ಕಣ್ಣ ಮೆಲ್ಲಗೆ. "ನಿಮ್ಮ ಫೋಟೋ ಕಡೆ ಕೈ ತೋರಿಸಿದ್ರು, ನಾನು ಒಂದೊಂದೇ ಮಾತು ಊಹಿಸ್ತಾ ಹೋದೆ, ಸರಿಯಾಗಿ ಬರೋ ತನಕ ಬಿಡ್ಲಿಲ್ಲ. ಕೊನೆಗೆ 'ನಗ್ಲಿ' ಅನ್ನೋದು ಸೇರಿದ ಮೇಲೇ ತಲೆಯಾಡಿಸಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ಅದು ಅವರ ಮಾತು ಮೇಡಮ್. ನಾನು ಹೇಳ್ಬಾರ್ದಿತ್ತು."

ಒಳಗಿನಿಂದ ಇನ್ನೆರಡು ಸಲ "ಇಲ್ಲೇ ಇರ್ತೀನಿ" ಎಂದು ಕೇಳಿಸಿದ ಮೇಲೆ ಬಾಗಿಲು ತೆರೆಯಿತು. "ನಾಲ್ಕು ಥರ ಕೇಳಿದೆ, ನಾಲ್ಕು ಸಲನೂ ಒಂದೇ ಉತ್ತರ," ಎಂದರು ಅಧಿಕಾರಿ. "ಮನೆಯಲ್ಲೇ ಇರ್ತಾರೆ ಅಂತ ಬರೀತೀನಿ. ಹಗಲು ಆರೈಕೆಗೆ ಒಬ್ಬರನ್ನ ಕಳಿಸೋ ವ್ಯವಸ್ಥೆ ಇದೆ. ನೀವು ಯಾಕಮ್ಮ ಇದುವರೆಗೂ ಕೇಳ್ಲಿಲ್ಲ?"

ಅವಳು ಬಾಗಿಲ ಸಂದಿಯಿಂದ ಅಪ್ಪನ ಕಡೆ ನೋಡಿದಳು.

ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. "ನಾನೂ ನೀನೂ ಸೇರಿ ಅಪ್ಪನ್ನ ಬಿಟ್ಟು ಉಳಿದೋರನ್ನೆಲ್ಲ ಕೇಳಿದ್ವಿ ಪುಟ್ಟಿ," ಎಂದವನು ಅಧಿಕಾರಿಯನ್ನು ಬೀಳ್ಕೊಡಲು ಕೆಳಗಿಳಿದ.

ಮೆಟ್ಟಿಲ ಬಳಿ ಇಬ್ಬರೇ ಉಳಿದರು.

"ಬುಧವಾರ ತುಂಬಾ ಬೈದೆ," ಅಂದಳು ಅವಳು. "ಬ್ಯಾಕಪ್‌ನ ಅದೇ ಫೋನಲ್ಲಿ ಇಟ್ಟ ಪೆದ್ದಿ ನಾನೇ."

"ಬೈದಿದ್ದಕ್ಕೆ ಬೇಜಾರಾಗ್ಲಿಲ್ಲ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಮುಖ ತೋರಿಸ್ಬೇಡಿ ಅಂದ್ರಲ್ಲ... ಆಗ..."

"ಆಗ?"

ಅವನು ಮೆಟ್ಟಿಲ ಕಟಕಟೆಯನ್ನು ಉಗುರಿನಿಂದ ಕೆರೆಯತೊಡಗಿದ.

ಒಳಗಿನಿಂದ ಅವನದೇ ದನಿ ಗದರಿತು. "ಬೇಗ ಹೇಳು!"

ಅವಳು ಕಣ್ಣೊರೆಸಿಕೊಳ್ಳುತ್ತಿದ್ದವಳು ಕಿಸಕ್ಕೆಂದು ನಕ್ಕುಬಿಟ್ಟಳು. ಅವನ ಎರಡೂ ಕಿವಿ ಕೆಂಪಾದವು.

"ಇನ್ನೂ ಸಿಕ್ಕೇ ಇರ್ಲಿಲ್ಲ ನೀವು. ಆದ್ರೂ ಕಳ್ಕೊಂಡೆ ಅನ್ನಿಸ್ತು. ನೀವಂದ್ರೆ ಇಷ್ಟ ನಂಗೆ... ತುಂಬಾ ಇಷ್ಟ."

ಅವಳು ಅವನ ಕೈ ಹಿಡಿದಳು. ಈ ಸಲ ತಿಳಿದೇ ಹಿಡಿದಳು.

"ನಂಗೂ ಇಷ್ಟ. ಆದ್ರೆ ಭಯ ಆಗ್ತಿದೆ. ನನಗೋಸ್ಕರ ಅಂತ ಒಂದು ಗಂಟೆನೂ ಇಟ್ಕೊಂಡು ಅಭ್ಯಾಸ ಇಲ್ಲ."

"ಅರ್ಧ ಗಂಟೆಯಿಂದ ಶುರು ಮಾಡೋಣ. ಒಂದು ಕಾಫಿ?"

"ಅಪ್ಪನ್ನ ಒಂದು ಮಾತು ಕೇಳಿ ಬರ್ತೀನಿ. ಇರ್ತೀರಾ?"

"ಇರ್ತೀನಿ," ಅಂದ ಅವನು. "ಎಷ್ಟು ಹೊತ್ತಾದ್ರೂ ಇರ್ತೀನಿ."