ಬಾತಿಯಿಂದ ಎರವಲು ಬಂದ ಮಕ್ಕಳು

"ನಿಲ್ರೋ... ಎಲ್ಲಿಗೆ ಓಡ್ತೀರಿ, ನಿಲ್ರೋ!"

ಹಾಗೆ ಕೂಗುತ್ತಾ ಶಾಲೆಯಿಂದ ಹೊರಗೆ ಓಡಿಬಂದ ಆ ಮನುಷ್ಯ, ಬೇವಿನ ಮರದ ಕೆಳಗೆ ಕಬ್ಬಿಣದ ಸರಳು ಹಿಡಿದು ನಿಂತಿದ್ದ ಹುಡುಗಿಯನ್ನು ಕಂಡು ತಾನೇ ನಿಂತುಬಿಟ್ಟ.

"ಗಂಟಿ ಬಾರಿಸಿದ್ದು ನೀವಾ?"

"ಹೌದು."

"ಯಾಕ್ರೀ?"

"ಮಕ್ಕಳು ಗಲಾಟೆ ಮಾಡ್ತಿದ್ರು. ಸುಮ್ಮನೆ ನಿಲ್ಲಲಿ ಅಂತ..."

ಅವನು ಒಮ್ಮೆ ರಸ್ತೆಯ ಕಡೆ ನೋಡಿದ. ದೂಳು ಮಾತ್ರ ಇತ್ತು. ನಿಟ್ಟುವಳ್ಳಿ ಶಾಲೆಯ ಎಂಬತ್ತು ಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಆಗ ಬೆಳಗಿನ ಹತ್ತೂವರೆ ಗಂಟೆ.

"ಇಲ್ಲಿ ಉದ್ದ ಗಂಟಿ ಹೊಡೆದ್ರೆ ಸಾಲಿ ಬಿಡ್ತು ಅಂತ," ಅಂದ ಅವನು. "ಹೊಸ ಟೀಚರ್ ಬರ್ತಾರೆ ಅಂದಿದ್ರು. ನೀವೇನಾ?"

ಜೈನಾಬಿಯ ಮುಖ ಕೆಂಪಾಯಿತು. ಅಯ್ಯೋ ಅಲ್ಲಾ, ಮೊದಲ ದಿನವೇ...

ತಪ್ಪು ಪೂರ್ತಿ ಅವಳದೂ ಅಲ್ಲ. ಹರಿಹರದಲ್ಲಿ ಅವಳು ಓದಿದ ಸಿಸ್ಟರಮ್ಮನವರ ಶಾಲೆಯಲ್ಲಿ ಉದ್ದ ಗಂಟೆ ಬಾರಿಸಿದರೆ ಯಾರು ಎಲ್ಲಿದ್ದರೋ ಅಲ್ಲೇ ಕಲ್ಲಾಗಬೇಕು. ಬಾಯಿಗೆ ಹೋಗುತ್ತಿದ್ದ ತುತ್ತು ಕೈಯಲ್ಲೇ ನಿಲ್ಲಬೇಕು. ಎರಡನೇ ಗಂಟೆಗೆ ಸಾಲು ಹಿಡಿದು ಒಳಗೆ ನಡೆಯಬೇಕು. ಏಳು ವರ್ಷ ಹಾಗೆ ನಿಂತು, ಹಾಗೆ ನಡೆದು, ಟ್ರೈನಿಂಗ್ ಮುಗಿಸಿ ಬಂದಿದ್ದ ಹುಡುಗಿಗೆ ಲೋಕದ ಗಂಟೆಗಳೆಲ್ಲ ಒಂದೇ ಅನ್ನಿಸಿತ್ತು.

ಆ ಮನುಷ್ಯನ ಹೆಸರು ಮುನಾಫ್. ಪಕ್ಕದ ತರಗತಿಯ ಮೇಷ್ಟ್ರು. ಎರಡು ತರಗತಿಗಳ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ, ಅಷ್ಟೇ.

ಅವಳನ್ನು ಕೆಲಸಕ್ಕೆ ಕಳಿಸುವಾಗ ಅಪ್ಪ ಬುಡನ್ ಸಾಬ್ ಒಂದು ಮಾತು ಹೇಳಿದ್ದರು. ಹರಿಹರದ ಓಣಿ ಓಣಿ ತಿರುಗಿ ಪಾತ್ರೆಗೆ ಕಲಾಯಿ ಹಾಕುವ ಮನುಷ್ಯ, ಮಾತಾಡುವುದೇ ಕಡಿಮೆ.

"ಒಂದು ವರ್ಷ ನೋಡ್ತೀನವ್ವ. ಕೆಲಸ ಕಾಯಂ ಆದ್ರೆ ಆಯ್ತು. ಇಲ್ಲಾಂದ್ರೆ ಮನಿಗೆ ಬಂದು, ನಾನು ನೋಡಿದ ಹುಡುಗನ್ನ ನಿಕಾ ಆಗಬೇಕು. ಆಮ್ಯಾಲೆ ಸಾಲಿ ಗೀಲಿ ಅನ್ನಂಗಿಲ್ಲ."

ಕಾಯಂ ಆಗಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು, ತರಗತಿ ನೋಡಿ, ಒಳ್ಳೇದು ಬರೆಯಬೇಕಿತ್ತು.

ಮರುದಿನ ಬೆಳಿಗ್ಗೆ ಜೈನಾಬಿ ಮಕ್ಕಳ ಮುಂದೆ ಕೈಕಟ್ಟಿ ನಿಂತಳು.

"ನಿನ್ನೆ ಗಂಟೆ ಬಾರಿಸಿದ್ದು ನಾನು. ಕೇಳದೆ ಬಾರಿಸಿದೆ. ತಪ್ಪಾಯ್ತು."

ತಟ್ಟಿಯ ಆಚೆ ಏಳರ ಮಗ್ಗಿ ಕೂಗಿಸುತ್ತಿದ್ದ ಮುನಾಫ್ ಏಳೈದಲಿಯಲ್ಲಿ ನಿಂತುಬಿಟ್ಟ. ತಪ್ಪಾಯ್ತು ಅಂತ ಮಕ್ಕಳಿಗೆ ಹೇಳುವ ಟೀಚರನ್ನು ಅವನು ಕಂಡೇ ಇರಲಿಲ್ಲ. 

"ಮೇಷ್ಟ್ರೇ, ಮೂವತ್ತೈದು ರೀ," ಅಂದರು ಮಕ್ಕಳು.

ಇದು ಹರಿಹರದ ಶಾಲೆಯಲ್ಲಿ ಸಿಸ್ಟರ್ ಕ್ಲಾರಾ ಅವಳಿಗೆ ಕಲಿಸಿದ ಪಾಠ. ತಪ್ಪು ಮಾಡಿದವರು ತಾವೇ ಎದ್ದು ಎಲ್ಲರ ಮುಂದೆ ಹೇಳಬೇಕು. ಹೇಳಿದವರಿಗೆ ಏಟಿಲ್ಲ. ಗೊತ್ತಿದ್ದೂ ಸುಮ್ಮನೆ ಕೂತರೆ ಅದೂ ತಪ್ಪು. ಜೈನಾಬಿ ಅದನ್ನೇ ತನ್ನ ತರಗತಿಯ ನಿಯಮ ಮಾಡಿದಳು. ಬೆತ್ತ ಅಟ್ಟ ಹತ್ತಿತು.

ಏಟಿಲ್ಲ ಅಂತ ಗೊತ್ತಾದದ್ದೇ ತಡ, ಮಕ್ಕಳಿಗೆ ಒಪ್ಪಿಕೊಳ್ಳುವುದೇ ಆಟವಾಯಿತು. ಒಬ್ಬಳು ಹೆಡ್‌ಮಾಸ್ಟರ್ ಶಿವಮೂರ್ತಪ್ಪನವರ ಬಳಿ ಹೋಗಿ, "ಸಾರ್, ನಿಮ್ಮ ಛತ್ರಿ ಮುರಿದಿದ್ದು ಗಾಳಿ ಅಲ್ರಿ, ನಾನು," ಅಂದಳು. ಇನ್ನೊಬ್ಬ ಮುನಾಫನ ಮುಂದೆ ನಿಂತು, "ಮೇಷ್ಟ್ರೇ, ನಿಮಗೆ ಹಿಂದ್ಗಡೆ ನಾವು ತಮಟೆ ಸಾಹೇಬ್ರು ಅಂತೀವ್ರಿ," ಅಂದ.

ಒಂದು ದಿನ ಊರಿನ ತಿಮ್ಮವ್ವ, ಜೈನಾಬಿಯ ತರಗತಿಯಲ್ಲಿದ್ದ ತನ್ನ ಮಗಳು ಉಡಚವ್ವನನ್ನು ದರದರ ಎಳೆದುಕೊಂಡು ಬಂದಳು.

"ಏನ್ ಕಲಿಸ್ತೀರವ್ವ ನೀವು? ಪಕ್ಕದ ಮನಿ ನಾಗಕ್ಕನ ಬಳ್ಳಿ ಸೋರೆಕಾಯಿ ನಾನು ಹರಕೊಂಡು ಬಂದೆ ಅಂತ ಆಕಿ ಮುಂದೆನೇ ಹೇಳ್ಯಾಳ್ರಿ ಇವಳು!"

"ಹರಕೊಂಡು ಬಂದಿದ್ರಾ?"

ತಿಮ್ಮವ್ವ ಸ್ವಲ್ಪ ಹೊತ್ತು ಬೇವಿನ ಮರ ನೋಡಿದಳು. "ಎಳೇದಿತ್ತು, ತಡಿಯಾಕಾಗ್ಲಿಲ್ಲ," ಅಂದು ಹೋದಳು.

ತಟ್ಟಿಯ ಆಚೆಯಿಂದ ನಗು ಕೇಳಿಸಿತು. ಈ ಮನುಷ್ಯನಿಗೆ ನಗುವುದೂ ಮೆಲ್ಲಗೆ ಬರುವುದಿಲ್ಲ, ಮಗ್ಗಿ ಹೇಳಿಸುವುದೂ ಮೆಲ್ಲಗೆ ಬರುವುದಿಲ್ಲ... ಅಂದುಕೊಂಡಳು ಜೈನಾಬಿ. ಆದರೂ ದಿನಾ ಆ ನಗುವಿಗಾಗಿ ಅವಳ ಕಿವಿ ಕಾಯತೊಡಗಿತ್ತು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಜನವರಿ ಬಂತು. ಹತ್ತಿ ಬಿಡಿಸುವ ಕಾಲ. ಮಕ್ಕಳೆಲ್ಲ ಹೊಲ ಸೇರಿದರು. ಜೈನಾಬಿಯ ಹಾಜರಿ ಪುಸ್ತಕದಲ್ಲಿ ಮೂವತ್ತೆಂಟು ಹೆಸರು, ಎದುರಿಗೆ ಕೂತವರು ಹತ್ತೊಂಬತ್ತು. ಅದೇ ವಾರ ಇನ್‌ಸ್ಪೆಕ್ಟರ್ ಬರುತ್ತಾರೆ ಅಂತ ಕಾಗದ ಬಂತು.

ಶಿವಮೂರ್ತಪ್ಪ ತಲೆ ಮೇಲೆ ಕೈಹೊತ್ತು ಕೂತರು. "ಅರ್ಧಕ್ಕರ್ಧ ಮಕ್ಕಳಿಲ್ಲ ಅಂದ್ರೆ, ಟೀಚರ್ ಬ್ಯಾಡ ಅಂತಲೇ ಬರೀತಾರಮ್ಮ ಅವರು."

ಆ ರಾತ್ರಿ ಜೈನಾಬಿ ಊಟ ಮಾಡಲಿಲ್ಲ.

ಮರುದಿನ ಮುನಾಫ್ ತಟ್ಟಿಯ ಸಂದಿಯಿಂದ ಹೇಳಿದ, "ಚಿಂತಿ ಬಿಡ್ರಿ ಟೀಚರ್. ಆವತ್ತು ಮಕ್ಕಳು ತುಂಬಿರ್ತಾರೆ."

ಹೊಲಕ್ಕೆ ಹೋಗಿ ಕರೆಯುತ್ತಾನೇನೋ... ಎಂಥ ಒಳ್ಳೆಯ ಮನಸ್ಸು, ಅಂದುಕೊಂಡಳು.

ತಪಾಸಣೆಯ ದಿನ ತರಗತಿಯೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ತನ್ನ ಮಕ್ಕಳ ನಡುವೆ ಹತ್ತೊಂಬತ್ತು ಹೊಸ ಮುಖಗಳು! ಒಂದನ್ನೂ ಅವಳು ಕಂಡಿರಲಿಲ್ಲ. ಕೇಳೋಣ ಅಂದರೆ ಇನ್‌ಸ್ಪೆಕ್ಟರ್ ಸಾಹೇಬರ ಬೂಟಿನ ಸದ್ದು ಆಗಲೇ ಜಗಲಿ ಹತ್ತಿತ್ತು.

ಆ ಕಾಲದಲ್ಲಿ ತಪಾಸಣೆಗೆ ಅಂತ ಪಕ್ಕದೂರಿನಿಂದ ಮಕ್ಕಳನ್ನು ತಂದು ಕೂರಿಸುವುದು, ಮದುವೆಗೆ ಹಂಡೆ ಕೊಳಗ ತಂದಷ್ಟೇ ಸಾಮಾನ್ಯ. ಇನ್‌ಸ್ಪೆಕ್ಟರುಗಳಿಗೂ ಗೊತ್ತು, ಹೆಡ್‌ಮಾಸ್ಟರುಗಳಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಸಿಸ್ಟರಮ್ಮನವರ ಶಾಲೆಯಲ್ಲಿ ಓದಿದ ಜೈನಾಬಿಗೆ ಮಾತ್ರ.

ಸಾಹೇಬರು ಹಾಜರಿ ಕೂಗಿದರು. "ಅಂಜಿನವ್ವ?"

"ಹಾಜರ್ ಸಾರ್," ಅಂತ ಒಬ್ಬ ಹೊಸ ಹುಡುಗಿ ಎದ್ದಳು.

ಕೂಡಲೇ ಉಡಚವ್ವ ಎದ್ದು ನಿಂತಳು. "ಸಾರ್, ಅಂಜಿನವ್ವ ಹತ್ತಿ ಹೊಲದಾಗೆ ಅದಾಳ್ರಿ. ಈಕಿ ಪಕ್ಕದೂರು ಬಾತಿಯಾಕಿ. ಗೊತ್ತಿದ್ದೂ ಸುಮ್ನೆ ಕುಂತ್ರೆ ತಪ್ಪು ಅಂತ ನಮ್ಮ ಟೀಚರ್ ಅಕ್ಕಾರು ಹೇಳ್ಯಾರ್ರಿ."

ಬಾತಿಯ ಹುಡುಗಿಗೂ ಧೈರ್ಯ ಬಂತು. "ಹೌದ್ರಿ ಸಾರ್. ಶೇಂಗಾ ಬೆಲ್ಲ ಕೊಡ್ತೀವಿ ಅಂದಿದ್ರು. ಇನ್ನಾ ಕೊಟ್ಟಿಲ್ರಿ."

ಸಾಹೇಬರು ಕನ್ನಡಕ ತೆಗೆದರು.

"ಏನಮ್ಮ ಇದು?"

ನನಗೆ ಗೊತ್ತಿಲ್ಲ ಸಾರ್ ಅಂದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಇಷ್ಟು ಮಕ್ಕಳು ನೋಡುತ್ತಿದ್ದಾರೆ... ಕೆಲಸ ಹೋಗುತ್ತದೆ, ನಿಕಾ ಆಗುತ್ತದೆ, ಆಗಲಿ.

"ತರಗತಿ ನನ್ನದು ಸಾರ್. ನಿಜವಾದ ಹಾಜರಿ ಹತ್ತೊಂಬತ್ತು. ತಪ್ಪಾಯ್ತು."

ತಟ್ಟಿಯ ಮೇಲೆ ಮುನಾಫನ ತಲೆ ಕಾಣಿಸಿತು. "ಕರ್ಕೊಂಡು ಬಂದಾತ ನಾನ್ರಿ ಸಾರ್. ಅವರಿಗೇನೂ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಶಿವಮೂರ್ತಪ್ಪನವರಿಗೂ ಏನಾಯಿತೋ, "ಅವರನ್ನ ತಂದ ಚಕ್ಕಡಿ ಗಾಡಿ ನಂದು ಸಾರ್," ಅಂದುಬಿಟ್ಟರು.

ಸಾಹೇಬರು ನಿಟ್ಟುವಳ್ಳಿಯ ಹತ್ತೊಂಬತ್ತು ಮಕ್ಕಳಿಂದ ಪಾಠ ಓದಿಸಿದರು, ಲೆಕ್ಕ ಮಾಡಿಸಿದರು, ಹೊರಟುಹೋದರು.

ಸಂಜೆ ಜೈನಾಬಿ ಮುನಾಫನ ಎದುರು ನಿಂತಳು.

"ನನ್ನ ಮಕ್ಕಳು ಸುಳ್ಳು ಹೇಳದಿರಲಿ ಅಂತ ಏಳು ತಿಂಗಳು ಒದ್ದಾಡಿದೆ. ನೀವು ಒಂದು ಚಕ್ಕಡಿ ಸುಳ್ಳು ತಂದು ಇಳಿಸಿದ್ರಿ. ನಾನು ಕಲಿಸಿದ್ದಕ್ಕೆ ಇಷ್ಟೇನಾ ಬೆಲೆ? ಇನ್ನು ನನ್ನ ಜೊತೆ ಮಾತಾಡಬ್ಯಾಡ್ರಿ."

ಅವನು ತಲೆ ತಗ್ಗಿಸಿದ. ಅವಳು ಹೇಳಿದಂತೆಯೇ ಒಂದು ತಿಂಗಳು ಮಾತಾಡಲಿಲ್ಲ.

ಫೆಬ್ರವರಿ ಕೊನೆಗೆ ಎರಡು ಲಕೋಟೆ ಬಂದವು. ಒಂದರಲ್ಲಿ ಜೈನಾಬಿ ಕಾಯಂ. ಇನ್ನೊಂದರಲ್ಲಿ ಮುನಾಫ್ ಬಾತಿಗೆ ವರ್ಗ. ಸೋಮವಾರವೇ ಹೋಗಿ ಸೇರಬೇಕು.

"ಇದ್ಯಾಕೆ ಸಾರ್?" ಅಂತ ಅವಳು ಕೇಳಿದಳು.

ಶಿವಮೂರ್ತಪ್ಪ ನಿಟ್ಟುಸಿರು ಬಿಟ್ಟರು. "ತಪಾಸಣೆ ದಿನವೇ ಸಾಯಂಕಾಲ ಮುನಾಫ್ ಸೈಕಲ್ ತುಳ್ಕೊಂಡು ದಾವಣಗೆರೆ ಆಫೀಸಿಗೆ ಹೋಗಿದ್ನಮ್ಮ. ಶಿಕ್ಷೆ ನನಗೆ ಕೊಡ್ರಿ, ಆ ಟೀಚರ್‌ನ ಕಳಕೋಬ್ಯಾಡ್ರಿ ಅಂತ ಬರೆದು ಕೊಟ್ಟು ಬಂದ. ಬಾತಿ ಮಕ್ಕಳು ಅಷ್ಟು ಇಷ್ಟ ಆದ್ರೆ ಅಲ್ಲೇ ಇರು ಅಂದ್ರಂತೆ ಸಾಹೇಬ್ರು."

ಮುನಾಫ್ ಹೋದ. ತಟ್ಟಿಯ ಆಚೆ ಬಂದ ಹೊಸ ಮೇಷ್ಟ್ರು ಉಸಿರಾಡುವುದೂ ಕೇಳಿಸದಂಥ ಮನುಷ್ಯ. ಜೈನಾಬಿ ಜೂನ್‌ನಿಂದ ಬೇಡಿದ್ದ ಮೌನ ಕೊನೆಗೂ ಸಿಕ್ಕಿತ್ತು. ಅದರಲ್ಲಿ ಕೂತು ಪಾಠ ಮಾಡುವುದು ಮಾತ್ರ ಅವಳಿಂದ ಆಗಲಿಲ್ಲ.

ಅವಳು ಪ್ರತಿ ಶನಿವಾರ ಹರಿಹರಕ್ಕೆ ಹೋಗುವ ಬಸ್ಸು ಬಾತಿಯ ಮೇಲೆಯೇ ಹೋಗುತ್ತಿತ್ತು. ಎರಡು ಶನಿವಾರ ಕಿಟಕಿಯಿಂದ ಶಾಲೆ ನೋಡಿದಳು. ಮೂರನೇ ಶನಿವಾರ ಕಂಡಕ್ಟರ್ ಜಾಫರನಿಗೆ, "ಎರಡು ನಿಮಿಷ ನಿಲ್ಲಿಸಣ್ಣ," ಅಂದು ಇಳಿದೇಬಿಟ್ಟಳು.

ಶಾಲೆ ಆಗಷ್ಟೇ ಬಿಟ್ಟಿತ್ತು. ಅಂಗಳದ ಮಕ್ಕಳು ಅವಳನ್ನು ಗುರುತು ಹಿಡಿದರು.

"ನಿಟ್ಟುವಳ್ಳಿ ಅಕ್ಕಾರು ಬಂದ್ರು! ಈ ಸಲ ಎಷ್ಟು ಮಂದಿ ಬೇಕ್ರಿ ಅಕ್ಕಾರೆ?"

ಜಗಲಿಯ ಮೇಲೆ ಮುನಾಫ್ ಎದ್ದು ನಿಂತ. ಕೈತುಂಬ ಸೀಮೆಸುಣ್ಣದ ಪುಡಿ.

"ಒಬ್ಬರು ಸಾಕು," ಅಂದಳು ಜೈನಾಬಿ. ಅಂದ ಮೇಲೆ ಅರ್ಥ ಹೊಳೆದು ಅವಳ ಕಿವಿಯವರೆಗೂ ಬಿಸಿಯಾಯಿತು. "ಅಂದ್ರೆ... ಒಂದು ಮಾತು ಹೇಳಬೇಕಿತ್ತು. ವಿಚಾರಿಸದೆ ನಿಮಗೆ ಅಷ್ಟು ಅಂದೆ. ತಪ್ಪಾಯ್ತು."

"ನೀವು ಅಂದಿದ್ದು ಸರಿ ಐತೆ. ನಾನು ತಂದಿದ್ದು ಸುಳ್ಳೇ." ಅವನು ಕೈ ಕೊಡವಿದ. "ಆದ್ರೆ ಟೀಚರ್, ಇನ್ನೊಂದು ಮುಚ್ಚಿಟ್ಟಿದ್ದೆ. ಕೆಲಸ ಹೋಗಿ ನೀವು ಮನಿಗೆ ಹೋಗ್ತೀರಿ ಅಂತ ನನಗೆ ಭಯ ಆಗಿತ್ತು. ಮಕ್ಕಳಿಗೋಸ್ಕರ ಅಲ್ಲ... ನನಗೋಸ್ಕರ."

ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು ತುಂಬಿಕೊಂಡಿದ್ದವು.

"ಅಕ್ಕಾರೆ," ಅಂದ ಜಾಫರ್ ಮೆಟ್ಟಿಲ ಮೇಲಿಂದ, "ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಎರಡು ನಿಮಿಷ ಮುಗೀತು."

"ಹೂಂ," ಅಂದಳು ಜೈನಾಬಿ, ಜಾಫರನಿಗೆ ಹೇಳಿದ ಹಾಗೆ.

ಮುನಾಫ್ ಬಾಗಿಲಿಗೆ ಬೀಗ ಹಾಕಿ ಅದೇ ಬಸ್ಸು ಹತ್ತಿದ. ಅವಳ ಹಿಂದಿನ ಸೀಟಿನಲ್ಲಿ ಕೂತ.

"ನೀವೆಲ್ಲಿಗೆ?" ಅಂದಳು ಅವಳು, ತಿರುಗದೆಯೇ.

"ನಿಮ್ಮ ಅಬ್ಬಾನ ಹತ್ರ."

ಬಸ್ಸು ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು.

"ಮದುವೆ ಆದ್ಮೇಲೆ ಮಗಳು ಮನೆಯಾಗೆ ಇರ್ತಾಳಾ ಅಂತ ಕೇಳ್ತಾರೆ. ಏನಂತೀರಿ?"

"ಭಾನುವಾರ ಇರ್ತಾರೆ ಅಂತೀನಿ."

"ಭಾನುವಾರ ಮಕ್ಕಳ ಪುಸ್ತಕ ತಿದ್ದೋದಿರ್ತೈತೆ."

"ಹಂಗಾದ್ರೆ ಅಡಿಗಿ ನಾನೇ ಮಾಡ್ತೀನಿ ಅಂತೀನಿ."

ಅವಳು ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. "ಬರ್ತೈತಾ ನಿಮಗೆ?"

"ಇಲ್ಲ," ಅಂದ ಮುನಾಫ್. "ನೀವು ಕಲಿಸ್ತೀರಲ್ಲ."