ದಂಡು ಉಂಡೆದ್ದ ಕಲ್ಲು

ಬಹಳ ಹಿಂದೆ, ಕುದುರೆಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಗಿರಿ ಎಂಬ ರಾಜ್ಯವಿತ್ತು. ಅದನ್ನು ಕಬಳಿಸಲು ಕರಾಳಜಟಿ ಎಂಬ ಮಾಂತ್ರಿಕ ಹೊಂಚುಹಾಕಿದ್ದ. ಮುತ್ತಗಿರಿಯ ದಂಡನ್ನು ಯುದ್ಧದಲ್ಲಿ ಸೋಲಿಸುವುದು ಅವನಿಂದಾಗಲಿಲ್ಲ. ಅದಕ್ಕೇ ದಂಡು ದಾರಿಬದಿಯಲ್ಲಿ ಬೀಡುಬಿಟ್ಟಿದ್ದಾಗ ಅತಿಥಿಯಂತೆ ಬಂದು ಊಟಕ್ಕೆ ಕುಳಿತ.

ಆ ದಂಡಿನಲ್ಲಿ ಒಂದು ಪದ್ಧತಿ. ಪಂಕ್ತಿಯಲ್ಲಿ ಕೊನೆಯವನ ಊಟ ಮುಗಿಯುವವರೆಗೆ ಯಾರೂ ಏಳಬಾರದು. ಮಾಂತ್ರಿಕ ಎಲೆಯ ಮೂಲೆಯಲ್ಲಿ ಒಂದು ತುತ್ತು ಮೊಸರನ್ನ ಉಳಿಸಿಕೊಂಡ. ದಂಡು ಕಾದಿತು. ಕಾದು ಕಾದು, ಅವನ ಮಾಯೆಗೆ ಸಿಕ್ಕಿ ಕುಳಿತಲ್ಲೇ ಕಲ್ಲಾಯಿತು.

ಸುದ್ದಿ ಕೇಳಿ ಈರಿ ಓಡಿಬಂದಳು. ಅವಳು ಮದುವೆಯಾಗಬೇಕಿದ್ದ ದುಗ್ಗಪ್ಪನೂ ಆ ಸಾಲಿನಲ್ಲಿ ಕಲ್ಲಾಗಿದ್ದ. ಪಂಕ್ತಿಯಲ್ಲಿ ಕೂರದ ಕಾರಣ ಅವನ ಕುದುರೆ ಮಾತ್ರ ಉಳಿದಿತ್ತು.

“ಇವತ್ತು ಹೊತ್ತು ಮುಳುಗಿದರೆ ಇವರು ಎಂದೆಂದಿಗೂ ಕಲ್ಲೇ, ತಂಗಿ,” ಎಂದಿತು ಕುದುರೆ. “ಆ ತುತ್ತನ್ನು ಮಾಂತ್ರಿಕನೇ ಕೈಯಾರೆ ತಿನ್ನಬೇಕು.”

ಈರಿ ಒಲೆ ಹೊತ್ತಿಸಿದಳು. ಮೊದಲು ಹೋಳಿಗೆ ಬಡಿಸಿದಳು. ಮಾಂತ್ರಿಕ ಹೋಳಿಗೆ ತಿಂದ, ತುಪ್ಪ ನೆಕ್ಕಿದ, ತುತ್ತು ಮುಟ್ಟಲಿಲ್ಲ.

ಎರಡನೆಯ ಸಲ ಮಾತಿನಲ್ಲಿ ಪ್ರಯತ್ನಿಸಿದಳು.

“ಅಜ್ಜಾ, ಎಲೆಯಲ್ಲಿ ಅನ್ನ ಬಿಟ್ಟರೆ ಪಾಪ.”

“ಪಾಪ ಮಾಡುವುದೇ ನನ್ನ ಕಸುಬು, ಮಗಳೇ! ಇನ್ನೊಂದು ಹೋಳಿಗೆ ಹಾಕು.”

“ಹೋಳಿಗೆ ಮುಗೀತು. ಕಡುಬು ತರ್ತೀನಿ.”

ಹೊತ್ತು ಇಳಿಯುತ್ತಿತ್ತು. ಈರಿ ಕಡುಬಿಗೆ ಹೂರಣದ ಬದಲು ಅರೆದ ಸೂಜಿಮೆಣಸು ತುಂಬಿದಳು. ಕುದುರೆಯ ಕಿವಿಯಲ್ಲಿ ಏನೋ ಹೇಳಿದಳು.

ಮಾಂತ್ರಿಕ ಕಡುಬನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಗಿದ. ಕಣ್ಣು ಕೆಂಪಾಯಿತು, ಜಟೆ ನಿಮಿರಿತು.

“ನೀರು! ನೀರು!”

ಪಕ್ಕದ ಕೊಡ ಬರಿದಾಗಿತ್ತು. ಕುದುರೆ ತುಟಿ ನೆಕ್ಕಿಕೊಂಡು, “ಬಾಯಾರಿತ್ತು, ಸ್ವಾಮಿ,” ಎಂದಿತು.

ಮಾಂತ್ರಿಕ ಸುತ್ತ ನೋಡಿದ. ತಂಪಾಗಿ ಕಂಡದ್ದು ಆ ಮೊಸರನ್ನ ಒಂದೇ. ಬಾಚಿ ಬಾಯಿಗೆ ಹಾಕಿಕೊಂಡ.

ಎಲೆ ಖಾಲಿಯಾಯಿತು. ದಂಡು ಎದ್ದಿತು. ಸೈನಿಕರು ಮೈಮುರಿದ ಸದ್ದು ಬೆಟ್ಟದಾಚೆಗೂ ಕೇಳಿತು. ಮಾಯೆ ತಿರುಗಿ ಮಾಂತ್ರಿಕನಿಗೇ ತಗುಲಿತು. ನಾಲಿಗೆ ಚಾಚಿಕೊಂಡೇ ಅವನು ಕಲ್ಲಾದ.

“ಇಷ್ಟು ತಡವೇನೇ?” ಎಂದ ದುಗ್ಗಪ್ಪ.

“ನಿಮ್ಮ ಅತಿಥಿಗೆ ಬಡಿಸ್ತಿದ್ದೆ,” ಎಂದಳು ಈರಿ.

ಇಬ್ಬರ ಮದುವೆ ಅಲ್ಲೇ ನಡೆಯಿತು. ಕುದುರೆಗೆ ಬುಟ್ಟಿ ತುಂಬ ಹೋಳಿಗೆ ಸಿಕ್ಕಿತು. ಮಾಂತ್ರಿಕನ ಬೆನ್ನ ಮೇಲೆ ಸೇನಾಪತಿ ಕೆತ್ತಿಸಿದ: “ದಂಡು ಇಲ್ಲಿ ಬೀಡುಬಿಟ್ಟಿತ್ತು. ಉಂಡು ಎದ್ದಿತು.”

ಮುತ್ತಗಿರಿ ಸುಖವಾಗಿ ಬಾಳಿತು. ದಾರಿಹೋಕರು ಇಂದಿಗೂ ಆ ಕಲ್ಲಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಕೊನೆಯವರು ಉಂಡ ಮೇಲೇ ಎಲ್ಲರೂ ಏಳುತ್ತಾರೆ. ಕೊನೆಯವರೂ ಬೇಗ ಬೇಗ ಉಣ್ಣುತ್ತಾರೆ.