ಹದಿನೈದು ಅಂದರೆ ಎಷ್ಟು?

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದ ಹೆಂಗಸು ಕೂರಲು ಒಪ್ಪಲಿಲ್ಲ. ಆಕೆಯ ತಾಯಿ ಶಾಲೆಯಲ್ಲಿ ಗಂಟೆ ಹೊಡೆಯುವ ಆಯಮ್ಮ. ಹಿಂದಿನ ವಾರ ಅದೇ ಶಾಲೆಯ ವಿಜ್ಞಾನದ ಮೇಷ್ಟ್ರ ಕಾರು ಗೇಟಿನ ಮುಂದೆ ಆಯಮ್ಮನಿಗೆ ಬಡಿದಿತ್ತು.

"ಮೆಲ್ಲಗೆ ಬರ್ತಿದ್ದ ಕಾರಿಗೆ ನಮ್ಮಮ್ಮನೇ ಅಡ್ಡ ಓಡಿದ್ಲು ಅಂತ ಬರ್ದಿದೀರಂತೆ. ಮೆಲ್ಲಗೆ ಬಂದ ಕಾರು ಕಾಲನ್ನ ಎರಡು ಕಡೆ ಮುರಿಯುತ್ತಾ ಸಾರ್? ಶಾಲೆಯವ್ರು ಕೆಲಸದಿಂದ ತೆಗೀತೀವಿ ಅಂತಿದಾರೆ."

ಇನ್‌ಸ್ಪೆಕ್ಟರಿಗೆ ರೇಗಿತು. ಎಫ್‌ಐಆರ್, ಪಂಚನಾಮೆ ಎಲ್ಲ ಮುಗಿದಿತ್ತು. ಕಾರಿನ ವೇಗದ ಲೆಕ್ಕ ಹಾಕಿದ್ದು ಸ್ವತಃ ಅವರೇ. ಔಷಧಿ ಅಂಗಡಿಯ ಕ್ಯಾಮೆರಾದಿಂದ ಗೇಟಿನ ಕ್ಯಾಮೆರಾಗೆ ಮುನ್ನೂರು ಮೀಟರ್, ಕಾರು ದಾಟಿದ್ದು ಇಪ್ಪತ್ತು ಸೆಕೆಂಡಿನಲ್ಲಿ. ಭಾಗಿಸಿದರೆ ಹದಿನೈದು. ಅಂದರೆ ಆಮೆ ನಡಿಗೆ.

ಆದರೂ ಮುರಿದ ಕಾಲಿನ ಮಾತು ಮನಸ್ಸು ಬಿಡಲಿಲ್ಲ. ಮಧ್ಯಾಹ್ನ ಜೀಪು ಹತ್ತಿದರು.

"ಅಂಗಡಿಯಿಂದ ಗೇಟಿನ ತನಕ ಮುಳ್ಳು ಹದಿನೈದು ದಾಟಬಾರದು," ಎಂದರು ಚಾಲಕ ಪೇದೆಗೆ.

ಜೀಪು ತೆವಳಿತು. ಸೈಕಲ್ಲಿನ ಮುದುಕರೊಬ್ಬರು ಪಕ್ಕದಲ್ಲೇ ದಾಟಿಹೋಗುತ್ತ, "ಏನ್ ಸಾರ್, ಮೆರವಣಿಗೆನಾ?" ಎಂದರು. ಗೇಟು ತಲುಪುವಷ್ಟರಲ್ಲಿ ಒಂದು ನಿಮಿಷ ದಾಟಿತ್ತು.

ಇನ್‌ಸ್ಪೆಕ್ಟರಿಗೆ ತಪ್ಪು ಹೊಳೆಯಿತು. ಮೀಟರನ್ನು ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರೆದುಬಿಟ್ಟಿದ್ದರು. ಸೆಕೆಂಡಿಗೆ ಹದಿನೈದು ಮೀಟರ್ ಎಂದರೆ ಗಂಟೆಗೆ ಐವತ್ತನಾಲ್ಕು ಕಿಲೋಮೀಟರ್! ತಮ್ಮ ದಡ್ಡತನಕ್ಕೆ ಒಬ್ಬ ಬಡ ಹೆಂಗಸು ತಪ್ಪಿತಸ್ಥಳಾಗಿದ್ದಳು. ನಾಚಿಕೆಯಿಂದ ಭೂಮಿಗಿಳಿದುಹೋದರು. ಆಗಲೇ ಇನ್ನೊಂದು ನೆನಪಾಯಿತು. ಆ ವೇಗ ಬರೆದಿದ್ದ ಹೇಳಿಕೆಯನ್ನು ಮೇಷ್ಟ್ರಿಗೆ ಓದಿ ಹೇಳಿಯೇ ಸಹಿ ಹಾಕಿಸಿಕೊಂಡಿದ್ದರು.

ಮೇಷ್ಟ್ರು ಸಿಬ್ಬಂದಿ ಕೋಣೆಯಲ್ಲಿ ಒಬ್ಬರೇ ಇದ್ದರು.

"ಹದಿನೈದು ಕಿಲೋಮೀಟರ್ ಅಂತ ಓದ್ದಾಗ ತಪ್ಪು ಅಂತ ಗೊತ್ತಾಗ್ಲಿಲ್ವಾ?"

"ಆಗ್ಲೇ ಗೊತ್ತಾಯ್ತು."

"ಮತ್ತೆ ಸಹಿ?"

"ಹಾಕ್ದೆ. ಏಕಮಾನ ತಪ್ಪಿದ್ರೆ ಮಕ್ಕಳಿಗೆ ಸೊನ್ನೆ ಕೊಡೋನು ನಾನು." ಅವರು ತಲೆ ತಗ್ಗಿಸಿದರು.

"ಅಷ್ಟು ಜೋರಾಗಿ ಯಾಕೆ ಬಂದ್ರಿ?"

"ತಡವಾಗಿ ಬಂದ ಮಕ್ಕಳನ್ನ ಹೊರಗೆ ನಿಲ್ಲಿಸ್ತೀನಿ ಸಾರ್. ನಾನೇ ತಡವಾಗಿ ಹೋದ್ರೆ ಯಾವ ಮುಖ ತೋರಿಸ್ಲಿ?"

ಮೂರು ಗಂಟೆಗೆ ಬಂಧನವಾಯಿತು. ಇನ್‌ಸ್ಪೆಕ್ಟರ್ ತಮ್ಮ ತಪ್ಪನ್ನು ಮೇಲಧಿಕಾರಿಗಳಿಗೆ ಬರೆದು, ಆಯಮ್ಮನ ಹೊಸ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರು.

"ಗೇಟಿನಿಂದ ಹೊರಗೆ ಯಾಕೆ ಬಂದ್ರಿ ಅಮ್ಮಾ?"

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೇಷ್ಟ್ರು ಬಂದ್ರಾ ಅಂತ ನೋಡೋಕೆ. ಅವ್ರು ಬರೋ ತನಕ ಗಂಟೆ ಹೊಡೀದೆ ಕಾಯ್ತಿದ್ದೆ. ಅದೊಂದನ್ನ ಬರೀಬೇಡಿ ಸಾರ್, ಮಕ್ಕಳ ಮುಂದೆ ಅವ್ರ ಮರ್ಯಾದೆ ಹೋಗುತ್ತೆ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಆಕೆಯ ಮುಖ ನೋಡಲು ಅವರಿಂದಾಗಲಿಲ್ಲ.